ನೀರು ಹಾಯಿಸುವ ಮೊದಲು: ಬಾಡಿದ ಬೆಳೆಯಲ್ಲಿ ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

2022ರ ಹಂಗಾಮಿನ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಎಷ್ಟೋ ಹೊಲಗಳಲ್ಲಿ ಹೂವು ಕಾಯಿ ಹೊತ್ತಿದ್ದ ತೊಗರಿ ನಿಂತಲ್ಲೇ ಬಾಡಿ ಒಣಗಿತು. ಮರುವರ್ಷ, 2023ರಲ್ಲಿ, ಅದೇ ಸೀಮೆಯ ತೊಗರಿ ಮತ್ತೆ ಬಾಡಿತು. ರಸ್ತೆಯಲ್ಲಿ ನಿಂತು ನೋಡಿದವರಿಗೆ ಎರಡೂ ವರ್ಷ ಕಂಡದ್ದು ಒಂದೇ ನೋಟ: ಜೋತುಬಿದ್ದ ಎಲೆ, ಬಣ್ಣಗೆಟ್ಟ ಕುಡಿ, ನೆಲಕ್ಕೆ ಉದುರಿದ ಹೂವು. ಆದರೆ ಮೊದಲನೆಯ ವರ್ಷದ ಮುಖ್ಯ ಕಾರಣ ನೆಟೆ ರೋಗ. ಮಣ್ಣಿನಲ್ಲಿ ತೇವವಿದ್ದರೂ ಅದು ಕಾಂಡದೊಳಗೆ ಏರಲಾಗದ ಸ್ಥಿತಿ. ಎರಡನೆಯ ವರ್ಷದ್ದು ಬರ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ ವರ್ಷ ಅದು. ಎರಡನೆಯ ಹೊಲಕ್ಕೆ ಒಂದು ಹದವಾದ ನೀರು ಸಿಕ್ಕಿದ್ದರೆ ಬೆಳೆ ಉಳಿಯುತ್ತಿತ್ತು. ಮೊದಲನೆಯ ಹೊಲಕ್ಕೆ ಎಷ್ಟು ನೀರು ಹಾಯಿಸಿದ್ದರೂ ಪ್ರಯೋಜನವಿರಲಿಲ್ಲ.

ಬಾಡಿದ ಗಿಡವನ್ನು ಕಂಡ ಕೂಡಲೇ ಪಂಪಿನ ಗುಂಡಿ ಒತ್ತುವುದು ಸಹಜ. ಬೆಳೆಯ ಮೇಲೆ ಜೀವ ಇಟ್ಟವರು ಸುಮ್ಮನೆ ಕೂರಲಾರರು. ಆದರೂ ಅರ್ಧ ದಿನ ತಡೆದು, ನೀರು ಮಣ್ಣಿನಿಂದ ಎಲೆಯವರೆಗೆ ಹೋಗುವ ದಾರಿಯಲ್ಲಿ ಎಲ್ಲಿ ಕಡಿದಿದೆ ಎಂದು ನೋಡಿಕೊಂಡರೆ ಉಳಿಯುವುದು ನೀರೂ ಹೌದು, ಬೆಳೆಯೂ ಹೌದು. ಈ ಬರಹದಲ್ಲಿ ಹೇಳಿರುವ ಪರೀಕ್ಷೆಗಳಿಗೆ ಒಂದು ಗುದ್ದಲಿ, ಒಂದು ಕುಡುಗೋಲು, ಒಂದು ಗಾಜಿನ ಲೋಟ ಮತ್ತು ಬೆಳಗಿನ ಜಾವ ಏಳುವ ಮನಸ್ಸು ಇದ್ದರೆ ಸಾಕು.

ನೀರು ಏರುವ ದಾರಿ

ಎಲೆ ನೆಟ್ಟಗೆ ನಿಲ್ಲುವುದು ಅದರ ಜೀವಕೋಶಗಳ ಒಳಗಿನ ನೀರಿನ ಒತ್ತಡದಿಂದ. ಎಲೆಯಿಂದ ಆವಿಯಾಗಿ ಹೋಗುವ ನೀರಿಗಿಂತ ಬೇರಿನಿಂದ ಬರುವ ನೀರು ಕಡಿಮೆಯಾದಾಗ ಆ ಒತ್ತಡ ಇಳಿದು ಎಲೆ ಜೋಲುತ್ತದೆ. ಬಾಡುವುದೆಂದರೆ ಇಷ್ಟೇ. ಜಮಾ ಕಡಿಮೆಯಾಯಿತೋ ಖರ್ಚು ಹೆಚ್ಚಾಯಿತೋ ಎಂಬುದನ್ನು ಜೋತ ಎಲೆ ತಾನಾಗಿ ಹೇಳುವುದಿಲ್ಲ. ಜಮಾ ಕಡಿಮೆಯಾಗಿದ್ದರೆ ಅದು ಮಣ್ಣಿನಲ್ಲೋ, ಬೇರಿನಲ್ಲೋ, ಕಾಂಡದಲ್ಲೋ ಎಂಬುದನ್ನೂ ಹೇಳುವುದಿಲ್ಲ.

ನೀರು ಹರಿಯುವ ದಿಕ್ಕನ್ನು ತೀರ್ಮಾನಿಸುವುದು ಜಲವಿಭವ ಎಂಬ ಅಳತೆ. ಶುದ್ಧ ನೀರಿನ ಜಲವಿಭವ ಸೊನ್ನೆ. ನೀರು ಹಿಡಿತಕ್ಕೆ ಸಿಕ್ಕಷ್ಟೂ ಅದು ಸೊನ್ನೆಗಿಂತ ಕೆಳಕ್ಕೆ ಹೋಗುತ್ತದೆ, ಮತ್ತು ನೀರು ಯಾವಾಗಲೂ ಹೆಚ್ಚು ವಿಭವದಿಂದ ಕಡಿಮೆ ವಿಭವದ ಕಡೆಗೆ ಸಾಗುತ್ತದೆ. ನಮ್ಮ ರೈತರು ಹದ ಎಂದು ಕರೆಯುವ ಸ್ಥಿತಿಯಲ್ಲಿರುವ ಮಣ್ಣಿನಲ್ಲಿ ಅದು ಸುಮಾರು ಮೈನಸ್ 0.03 ಮೆಗಾಪಾಸ್ಕಲ್ (ಒತ್ತಡವನ್ನು ಅಳೆಯುವ ಮಾನ) ಇರುತ್ತದೆ. ಬಿಸಿಲಿನ ಹೊತ್ತಿನಲ್ಲಿ ಎಲೆಯೊಳಗೆ ಮೈನಸ್ 1ರ ಆಸುಪಾಸು, ಒಣಹವೆಯ ಬೆಳೆಗಳಲ್ಲಿ ಇನ್ನೂ ಕೆಳಗೆ. ಹೊರಗಿನ ಗಾಳಿಯಲ್ಲಿ ಅರ್ಧದಷ್ಟು ಮಾತ್ರ ಆರ್ದ್ರತೆಯಿದ್ದರೆ, 25 ಡಿಗ್ರಿ ಉಷ್ಣತೆಯಲ್ಲಿ ಅದು ಮೈನಸ್ 95 ಮೆಗಾಪಾಸ್ಕಲ್ ಮುಟ್ಟುತ್ತದೆ. ಅಂದರೆ ನೀರನ್ನು ಮೇಲಕ್ಕೆ ಎಳೆಯುವ ಶಕ್ತಿಯ ಬಹುಪಾಲು ಒಣಗಾಳಿಯದೇ. ಎಲೆಯ ತೇವದ ಗೋಡೆಗಳಿಂದ ನೀರು ಆವಿಯಾದಂತೆಲ್ಲ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳ ಸರಪಳಿ ಕಾಂಡದೊಳಗಿನ ಕ್ಸೈಲಮ್ ಎಂಬ ನೀರಿನ ನಾಳಗಳ ಮೂಲಕ ಬೇರಿನವರೆಗೆ ಎಳೆಯಲ್ಪಡುತ್ತದೆ. 1894ರಲ್ಲಿ ಡಬ್ಲಿನ್‌ನಲ್ಲಿ ಡಿಕ್ಸನ್ ಮತ್ತು ಜೋಲಿ ಮುಂದಿಟ್ಟ ಈ ವಿವರಣೆಯೇ ಇಂದಿಗೂ ಬಲವಾಗಿ ನಿಂತಿದೆ. ಗಿಡ ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಹೀಗೆ ಆವಿಯಾಗಿ ಹೋಗುವಂಥದ್ದು. ಗಿಡದ ಮೈಗೆ ಸೇರುವುದು ಅತ್ಯಲ್ಪ.

ಬೇರಿನ ತುದಿಯ ಹಿಂದಿನ ರೋಮಗಳು ಮಣ್ಣಿನ ಕಣಗಳ ನಡುವೆ ನುಸುಳಿ ನೀರು ಹಿಡಿಯುತ್ತವೆ. ಹಾಗೆ ಹಿಡಿದ ನೀರಿಗೆ ಬೇರಿನ ಒಳಚರ್ಮದಲ್ಲಿ ಮೇಣದಂಥ ಪಟ್ಟಿಯೊಂದು ಅಡ್ಡ ಬರುವುದರಿಂದ, ಅದು ಜೀವಂತ ಕೋಶಗಳ ಪೊರೆಯನ್ನು ದಾಟಿಯೇ ಮುಂದೆ ಹೋಗಬೇಕಾಗುತ್ತದೆ. ಆ ಪೊರೆಯಲ್ಲಿ ಅಕ್ವಾಪೊರಿನ್ ಎಂಬ ಪ್ರೋಟೀನಿನ ಕಿಂಡಿಗಳಿವೆ. ಅವು ತೆರೆಯಲೂಬಲ್ಲವು, ಮುಚ್ಚಲೂಬಲ್ಲವು. ಹಾಗಾಗಿ ಬೇರು ಬರೀ ಬತ್ತಿಯಲ್ಲ. ಉಸಿರಾಡುವ, ಕೆಲವೊಮ್ಮೆ ಬಾಗಿಲು ಹಾಕಿಕೊಳ್ಳುವ ಜೀವಂತ ಅಂಗ ಅದು. ಮುಂದೆ ಬರುವ ಹಲವು ಒಗಟುಗಳಿಗೆ ಉತ್ತರ ಇಲ್ಲಿಯೇ ಸಿಗುತ್ತದೆ.

ಮೊದಲ ಪರೀಕ್ಷೆ: ಸೂರ್ಯ ಹುಟ್ಟುವ ಮುಂಚೆ

ಮಧ್ಯಾಹ್ನ ಒಂದು ಗಂಟೆಗೆ ಹೊಲ ನೋಡಿ ತೀರ್ಮಾನಕ್ಕೆ ಬರಬಾರದು. ಕುಂಬಳ, ಹೀರೆ, ಸೌತೆಯಂಥ ಅಗಲ ಎಲೆಯ ಬಳ್ಳಿಗಳು ತೇವ ತುಂಬಿದ ಮಣ್ಣಿನಲ್ಲಿದ್ದರೂ ಸುಡುಬಿಸಿಲಿನ ಹೊತ್ತಿಗೆ ಜೋಲುತ್ತವೆ, ಸಂಜೆಯಾಗುತ್ತಲೇ ತಾವಾಗಿ ಎದ್ದು ನಿಲ್ಲುತ್ತವೆ. ಖರ್ಚು ಕೆಲವು ಗಂಟೆಗಳ ಕಾಲ ಜಮಾವನ್ನು ಮೀರಿತು, ಅಷ್ಟೇ. ಜೋಳ, ಮೆಕ್ಕೆಜೋಳ, ರಾಗಿಗಳ ಎಲೆ ಉದ್ದಕ್ಕೆ ಸುರುಳಿಯಾಗುವುದು, ಶೇಂಗಾದ ಎಲೆಗಳು ಜೋಡಿಸಿದ ಅಂಗೈಗಳಂತೆ ಮಡಚಿಕೊಳ್ಳುವುದು, ತೊಗರಿಯ ಎಲೆ ಬಿಸಿಲಿಗೆ ಅಂಚು ತೋರಿಸಿ ತಿರುಗುವುದು, ಇವೆಲ್ಲ ಮೈಮೇಲೆ ಬೀಳುವ ಬಿಸಿಲನ್ನು ಕಡಿಮೆ ಮಾಡಿಕೊಳ್ಳುವ ಉಪಾಯಗಳು. ಇವು ಮುನ್ನೆಚ್ಚರಿಕೆ, ಹಾನಿ ಆಗಿಹೋಗಿದೆ ಎಂಬುದರ ಗುರುತಲ್ಲ.

ನೋಡಬೇಕಾದ ಹೊತ್ತು ಬೆಳಗಿನ ಜಾವ. ರಾತ್ರಿಯಿಡೀ ಪತ್ರರಂಧ್ರಗಳು, ಅಂದರೆ ನೀರಾವಿ ಹೊರಹೋಗುವ ಎಲೆಯ ಸೂಕ್ಷ್ಮ ರಂಧ್ರಗಳು, ಮುಚ್ಚಿರುವುದರಿಂದ ಬೆಳಗಾಗುವ ಹೊತ್ತಿಗೆ ಎಲೆಯ ಜಲವಿಭವ ಬೇರಿನ ಸುತ್ತಲಿನ ಮಣ್ಣಿನ ಜಲವಿಭವದೊಂದಿಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಆಗ ಎಲೆ ಬಿಗಿಯಾಗಿದ್ದರೆ ಮಣ್ಣಿನಲ್ಲಿ ಗಿಡಕ್ಕೆ ನಿಲುಕುವ ನೀರು ಇನ್ನೂ ಇದೆ, ದಾರಿಯೂ ತೆರೆದಿದೆ. ಆಗಲೂ ಎಲೆ ಜೋತೇ ಇದ್ದರೆ ದೋಷ ನಿಜವಾದದ್ದು. ಮುಂದಿನ ಪರೀಕ್ಷೆಗಳಿಗೆ ಇಳಿಯಬೇಕು. ಸಂಶೋಧನಾ ಕೇಂದ್ರಗಳಲ್ಲಿ ಇದನ್ನೇ 1965ರಲ್ಲಿ ಶೋಲಾಂಡರ್ ಮತ್ತು ಸಂಗಡಿಗರು ಬಳಕೆಗೆ ತಂದ ಒತ್ತಡ ಕೋಶದಿಂದ ಅಳೆಯುತ್ತಾರೆ: ಎಲೆಯ ತೊಟ್ಟು ಹೊರಗಿರುವಂತೆ ಕೋಶದಲ್ಲಿಟ್ಟು, ತೊಟ್ಟಿನ ಕೊಯ್ದ ತುದಿಯಲ್ಲಿ ನೀರು ಒಸರುವವರೆಗೆ ಅನಿಲದ ಒತ್ತಡ ಏರಿಸುತ್ತಾರೆ. ಹೊಲದಲ್ಲಿ ಆ ಯಂತ್ರವಿಲ್ಲದಿದ್ದರೂ ಬೆಳಗಿನ ಎಲೆ ಬಹುಪಾಲು ಅದೇ ಸುದ್ದಿಯನ್ನು ಹೇಳುತ್ತದೆ.

ಆ ಹೊತ್ತಿನಲ್ಲಿ ಎಲೆಯ ಅಂಚನ್ನು ಹತ್ತಿರದಿಂದ ನೋಡಿ. ಇಬ್ಬನಿ ಎಲೆಯ ಮೇಲೆಲ್ಲ ಹರಡಿ ಕೂತಿರುತ್ತದೆ. ಆದರೆ ರಾಗಿಯ ಎಲೆಯ ತುತ್ತತುದಿಯಲ್ಲಿ, ಟೊಮೆಟೊ ಎಲೆಯ ಹಲ್ಲುಗಳ ಕೊನೆಯಲ್ಲಿ ಮಣಿ ಪೋಣಿಸಿದಂತೆ ಒಂದೊಂದೇ ಹನಿ ನಿಂತಿದ್ದರೆ ಅದು ಇಬ್ಬನಿಯಲ್ಲ. ರಾತ್ರಿ ಬೇರು ತನ್ನ ಒತ್ತಡದಿಂದ ಮೇಲಕ್ಕೆ ತಳ್ಳಿದ ನೀರು. ಈ ಹನಿ ಕಂಡ ಗಿಡದ ಬೇರು ಬದುಕಿದೆ, ಮಣ್ಣು ತೇವವಾಗಿದೆ, ನಾಳ ತೆರೆದಿದೆ ಎಂದು ಧೈರ್ಯವಾಗಿ ಹೇಳಬಹುದು. ಹನಿ ಕಾಣದ ಮಾತ್ರಕ್ಕೆ ದೋಷವಿದೆ ಎನ್ನಲಾಗದು. ಒಂದು ವಾರದ ಹಿಂದೆ ಕಾಣುತ್ತಿದ್ದ ಹನಿ ಈಗ ನಿಂತಿದ್ದರೆ ಮಾತ್ರ ಅದನ್ನು ಗಮನಕ್ಕೆ ತೆಗೆದುಕೊಳ್ಳಬೇಕು.

ಹೊಲವನ್ನು ಒಟ್ಟಾಗಿ ನೋಡುವುದು

ಗಿಡ ಬಿಟ್ಟು ಒಮ್ಮೆ ಬದುವಿನ ಮೇಲೆ ನಿಲ್ಲಿ. ಬರದಿಂದ ಬಾಡುವ ಬೆಳೆ ನೆಲದ ಗುಣವನ್ನು ಹಿಂಬಾಲಿಸುತ್ತದೆ: ದಿಬ್ಬದ ಮೇಲೆ, ಗರಸು ಎದ್ದ ಕಡೆ, ಮಣ್ಣು ತೆಳುವಾದ ಕಡೆ ಮೊದಲು ಬಾಡಿ, ತಗ್ಗಿನಲ್ಲಿ ಕೊನೆಗೆ ಬಾಡುತ್ತದೆ, ಅಕ್ಕಪಕ್ಕದ ಗಿಡಗಳ ಸ್ಥಿತಿ ಒಂದೇ ರೀತಿ ಇರುತ್ತದೆ. ತಗ್ಗಿನಲ್ಲೇ ಮೊದಲು ಬಾಡಿದ್ದರೆ ನೀರು ನಿಂತದ್ದನ್ನೋ ಸವಳನ್ನೋ ಅನುಮಾನಿಸಬೇಕು. ಹಸಿರಾಗಿ ನಿಂತ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಬಾಡಿದ್ದರೆ, ಅಥವಾ ಬಾಡಿದ ಗುಂಪು ದಿನದಿಂದ ದಿನಕ್ಕೆ ದುಂಡಗೆ ಅಗಲವಾಗುತ್ತಿದ್ದರೆ, ಅದು ರೋಗ ಇಲ್ಲವೇ ಹುಳು. ಒಂದೇ ಗಿಡದ ಒಂದು ಮಗ್ಗುಲ ಕೊಂಬೆ ಬಾಡಿ ಇನ್ನೊಂದು ಮಗ್ಗುಲು ಚೆನ್ನಾಗಿದ್ದರೆ ಬರವೆಂಬ ಮಾತನ್ನು ಅಲ್ಲಿಗೇ ಬಿಡಬಹುದು. ಮಣ್ಣು ಒಣಗಿದಾಗ ಗಿಡದ ಅರ್ಧ ಭಾಗ ಮಾತ್ರ ಬಾಡುವುದಿಲ್ಲ.

ಅಗೆದು ನೋಡುವುದು

ಹೆಚ್ಚಿನವರು ತಪ್ಪುವುದು ಈ ಹಂತದಲ್ಲಿ. ಬೆರಳಿನಿಂದ ಮೇಲ್ಮಣ್ಣು ಕೆದಕಿ, ಪುಡಿಯಾದರೆ ನೀರಿಲ್ಲ ಎಂತಲೂ ಅಂಟಿದರೆ ನೀರಿದೆ ಎಂತಲೂ ತೀರ್ಮಾನಿಸಿಬಿಡುತ್ತಾರೆ. ಆದರೆ ವಿಜಯಪುರದ ಕಡೆಯ ಎರೆ ಹೊಲದಲ್ಲಿ ಹಿಂಗಾರಿ ಬಿಳಿಜೋಳ ಬಹುಪಾಲು ಬಿತ್ತಿದ ಮೇಲೆ ಮಳೆಯನ್ನೇ ಕಾಣದೆ, ಮುಂಗಾರಿನಲ್ಲಿ ಮಣ್ಣು ಕುಡಿದಿಟ್ಟುಕೊಂಡ ತೇವದ ಮೇಲೆಯೇ ತೆನೆ ಕಟ್ಟುತ್ತದೆ. ಜನವರಿಯಲ್ಲಿ ಅದರ ಮೇಲ್ಮಣ್ಣು ಕಲ್ಲಿನಂತಾಗಿದ್ದರೂ ಬೇರು ಒಂದು ಮೀಟರಿಗಿಂತ ಆಳದಲ್ಲಿ ನೀರು ಹೀರುತ್ತಿರುತ್ತದೆ. ಆದ್ದರಿಂದ ಸಾಲಿನ ಮಗ್ಗುಲಲ್ಲಿ, ಗಿಡದಿಂದ ಒಂದು ಗೇಣು ದೂರದಲ್ಲಿ, ಕನಿಷ್ಠ ಎರಡು ಅಡಿ ಅಗೆಯಬೇಕು. ಅರ್ಧ ಅಡಿಗೊಮ್ಮೆ ಒಂದು ಹಿಡಿ ಮಣ್ಣು ತೆಗೆದು, ಬೇರು ಎಲ್ಲಿಯವರೆಗೆ ಇಳಿದಿದೆ ಎಂಬುದನ್ನೂ ಅದರ ಜೊತೆಗೇ ನೋಡಬೇಕು. ತೇವ ಎರಡನೆಯ ಅಡಿಯಲ್ಲಿದ್ದು ಬೇರು ಮೊದಲ ಅಡಿಯಲ್ಲೇ ನಿಂತಿದ್ದರೆ, ನಡುವೆ ಗಟ್ಟಿ ಪದರ ಇದೆಯೇ ಎಂದು ಗುದ್ದಲಿಯ ಮೊನೆಯಿಂದ ಕುಟ್ಟಿ ತಿಳಿಯಿರಿ. ವರ್ಷವರ್ಷವೂ ಒಂದೇ ಆಳಕ್ಕೆ ಉಳುಮೆ ಮಾಡಿದ, ಭಾರದ ಟ್ರ್ಯಾಕ್ಟರ್ ಹಸಿಯಲ್ಲಿ ಓಡಾಡಿದ ಹೊಲಗಳಲ್ಲಿ ಇಂಥ ಪದರ ಇರುತ್ತದೆ.

ತೇವ ಕಣ್ಣಿಗೆ ಕಂಡರೂ ಗಿಡಕ್ಕೆ ಸಿಗದಿರಬಹುದು. ಎರೆ ಮಣ್ಣಿನ ಅತಿ ಸೂಕ್ಷ್ಮ ಕಣಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅದರಲ್ಲಿ ನೂರಕ್ಕೆ ಇಪ್ಪತ್ತರ ಹತ್ತಿರ ತೇವ ಉಳಿದಿರುವಾಗಲೇ ಬೆಳೆ ಬಾಡಬಹುದು. ಅಷ್ಟೇ ತೇವ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿದ್ದರೆ ಬೆಳೆ ನಳನಳಿಸುತ್ತದೆ. 1912ರಲ್ಲಿ ಅಮೆರಿಕದ ಬ್ರಿಗ್ಸ್ ಮತ್ತು ಶಾಂಟ್ಜ್ ಬೇರೆಬೇರೆ ಮಣ್ಣಿನಲ್ಲಿ ಗಿಡಗಳನ್ನು ಬಾಡಿಸಿ ಈ ವ್ಯತ್ಯಾಸವನ್ನು ಅಳೆದರು. ಗಿಡ ರಾತ್ರಿಯೂ ಚೇತರಿಸಿಕೊಳ್ಳಲಾಗದ ಗಡಿಯನ್ನು ಈಗ ಮೈನಸ್ 1.5 ಮೆಗಾಪಾಸ್ಕಲ್ ಎಂದು ಇಟ್ಟುಕೊಳ್ಳುವ ರೂಢಿಯಿದೆ. ಅಂದರೆ ವಾಯುಮಂಡಲದ ಒತ್ತಡದ ಹದಿನೈದು ಪಟ್ಟು ಎಳೆತ. ಅದು ರೂಢಿಯೇ ಹೊರತು ಎಲ್ಲ ಬೆಳೆಗೂ ಒಂದೇ ಗೆರೆಯಲ್ಲ. ಕೈ ಪರೀಕ್ಷೆ ಹೀಗೆ: ಕೆಂಪು ಮಣ್ಣು ಹಿಡಿಯಲ್ಲಿ ಒತ್ತಿದಾಗ ಉಂಡೆಯಾಗಿ, ಮೆಲ್ಲಗೆ ತಟ್ಟಿದರೆ ಒಡೆಯುವಂತಿದ್ದರೆ ನೀರು ಇನ್ನೂ ಇದೆ; ಉಂಡೆಯೇ ಕಟ್ಟದಿದ್ದರೆ ಇಲ್ಲ. ಎರೆ ಮಣ್ಣನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ಪಟ್ಟಿ ಎಳೆಯಿರಿ. ಪಟ್ಟಿ ಉದ್ದಕ್ಕೆ ಬಂದರೆ ನೀರಿದೆ. ಕಪ್ಪಗೆ, ತಂಪಗೆ ಇದ್ದರೂ ಪಟ್ಟಿ ಬಾರದೆ ಹರಳುಹರಳಾಗಿ ಒಡೆದರೆ ಅಲ್ಲಿರುವ ತೇವ ಗಿಡದ ಪಾಲಿಗೆ ಇಲ್ಲದಂತೆಯೇ.

ಬೇರು ಇರುವ ಆಳದುದ್ದಕ್ಕೂ ಮಣ್ಣು ಹೀಗೆ ಆರಿದ್ದರೆ ದೋಷ ಸಿಕ್ಕಿತು: ಇದು ಬರ. ಮುಂದಿನ ಭಾಗ ಬಿಟ್ಟು ಅದರ ನಂತರದ್ದಕ್ಕೆ ಹೋಗಬಹುದು. ಆದರೆ ಬೇರಿನ ಸುತ್ತ ಹದವಾದ ಮಣ್ಣಿದ್ದೂ ಬೆಳಗಿನ ಜಾವ ಎಲೆ ಜೋತಿದ್ದರೆ ಮುಂದೆ ಓದಿ.

ಮಣ್ಣಿನಲ್ಲಿ ನೀರಿದ್ದೂ ಬಾಡಿದರೆ

ಗಿಡವನ್ನು ಕಿತ್ತು ನೋಡುವುದು ಮೊದಲ ಕೆಲಸ. ಕೈಗೆ ಸಲೀಸಾಗಿ ಕಿತ್ತು ಬಂದು, ಕವಲು ಬೇರುಗಳೆಲ್ಲ ಕತ್ತರಿಸಿಹೋಗಿದ್ದರೆ ಆ ಗುಂಡಿಯಲ್ಲೇ ಬಗೆದು ನೋಡಿ. ಕಮಾನಿನಂತೆ ಬಾಗಿದ ಬಿಳಿ ಗೊಣ್ಣೆಹುಳು ಅಲ್ಲಿಯೇ ಸಿಗುವ ಸಾಧ್ಯತೆ ಹೆಚ್ಚು. ಬೇರಿನ ಮೈಯಲ್ಲೇ ಗಂಟುಗಳು ಊದಿಕೊಂಡಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ದ್ವಿದಳ ಬೆಳೆಯಲ್ಲಿ ಇದನ್ನು ಸಾರಜನಕ ಕಟ್ಟುವ ಒಳ್ಳೆಯ ಗಂಟುಗಳೊಂದಿಗೆ ಬೆರೆಸಿಕೊಳ್ಳಬಾರದು. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರಿಗೆ ಸುಲಭವಾಗಿ ಬಿಡಿಸಿಕೊಳ್ಳುತ್ತದೆ, ಒಡೆದರೆ ಒಳಗೆ ನಸುಗೆಂಪಾಗಿರುತ್ತದೆ. ಜಂತುಹುಳುವಿನ ಗಂಟು ಬೇರಿನದೇ ಊತವಾದ್ದರಿಂದ ಬಿಡಿಸಿಕೊಳ್ಳದು. ಕಡಲೆಯಲ್ಲಿ ತಾಯಿಬೇರು ಕಪ್ಪಾಗಿ, ಕವಲು ಬೇರುಗಳಿಲ್ಲದೆ, ಬಗ್ಗಿಸಿದರೆ ಚಟ್ಟನೆ ಮುರಿಯುವಂತಿದ್ದರೆ ಅದು ಒಣ ಬೇರುಕೊಳೆ. ಈ ರೋಗ ಮಣ್ಣು ಒಣಗಿ ಸೆಕೆ ಏರಿದಾಗಲೇ ಜೋರಾಗುವುದರಿಂದ ಇಲ್ಲಿ ಬರವೂ ರೋಗವೂ ಒಟ್ಟಿಗೆ ಇರುತ್ತವೆ. ಒಂದನ್ನು ಕಂಡ ಮಾತ್ರಕ್ಕೆ ಇನ್ನೊಂದನ್ನು ತಳ್ಳಿಹಾಕುವಂತಿಲ್ಲ.

ಬೇರು ಹೊರಗಿನಿಂದ ಚೆನ್ನಾಗಿ ಕಂಡರೆ ಕುಡುಗೋಲು ಹಿಡಿಯಬೇಕು. ತೊಗರಿಯ ಕಾಂಡದ ಬುಡದಲ್ಲಿ ನೆಲದಿಂದ ಮೇಲಕ್ಕೆ ಹತ್ತಿದ ನೇರಳೆ ಬಣ್ಣದ ಪಟ್ಟಿ ಕಾಣುತ್ತದೆಯೇ ನೋಡಿ. ಆಮೇಲೆ ಸಿಪ್ಪೆಯನ್ನು ಉದ್ದಕ್ಕೆ ಸುಲಿದು ಕಾಂಡವನ್ನು ಬುಡದಿಂದ ಸೀಳಿ. ಆರೋಗ್ಯದ ಕಾಂಡದ ಕಟ್ಟಿಗೆ ಮಾಸಲು ಬಿಳಿ. ನೆಟೆ ಹೋದ ಗಿಡದಲ್ಲಿ ಆ ಬಿಳಿಯ ನಡುವೆ ಪೆನ್ನಿನಿಂದ ಗೀಚಿದಂತೆ ಕಂದುಗಪ್ಪು ಗೆರೆಗಳು ಬೇರಿನಿಂದ ಮೇಲಕ್ಕೆ ಓಡಿರುತ್ತವೆ. ಆ ಗೆರೆಗಳೇ ನೀರಿನ ನಾಳಗಳು. ಫ್ಯುಸೇರಿಯಂ ಎಂಬ ಶಿಲೀಂಧ್ರ ಒಳಗೆ ಬೆಳೆದು, ಅದನ್ನು ತಡೆಯಲು ಗಿಡವೇ ಸುರಿಸಿದ ಅಂಟೂ ಸೇರಿ ಅವು ಕಟ್ಟಿಕೊಂಡಿವೆ. ಬಟ್ಲರ್ ಎಂಬ ವಿಜ್ಞಾನಿ 1906ರಲ್ಲಿ ಭಾರತದ ಹೊಲಗಳಲ್ಲೇ ಈ ರೋಗವನ್ನು ಗುರುತಿಸಿದ್ದರು. ಒಂದು ಸಲ ಈ ಗೆರೆ ಕಂಡ ಗಿಡಕ್ಕೆ ನೀರು ಹಾಯಿಸಿ ಫಲವಿಲ್ಲ. ಈ ವರ್ಷ ಮಾಡಬಹುದಾದದ್ದು ಅಂಥ ಗಿಡಗಳನ್ನು ಬೇರುಸಮೇತ ಕಿತ್ತು ಸುಡುವುದಷ್ಟೇ. ಶಿಲೀಂಧ್ರ ಕೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಮುಂದಿನ ವರ್ಷಕ್ಕೆ ಅದೇ ಹೊಲದಲ್ಲಿ ಜೋಳದೊಂದಿಗೆ ಬೆಳೆ ಬದಲಿಸುವುದು ಅಥವಾ ಮಿಶ್ರ ಬೆಳೆ ಇಡುವುದು ಒಳಿತು. 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ಮಾರುತಿ ತಳಿಯನ್ನು ಆರಿಸಿದ್ದೇ ನೆಟೆ ನಿರೋಧಕ ಶಕ್ತಿಗಾಗಿ.

ಟೊಮೆಟೊ, ಬದನೆ, ಮೆಣಸಿನಕಾಯಿಗಳಲ್ಲಿ ಎಲೆ ಹಳದಿಯಾಗದೆ, ಹಸಿರಾಗಿದ್ದಂತೆಯೇ ಎರಡು ಮೂರು ದಿನಗಳಲ್ಲಿ ಇಡೀ ಗಿಡ ಕುಸಿದರೆ ದುಂಡಾಣು ಸೊರಗು ರೋಗವನ್ನು ಪರೀಕ್ಷಿಸಬೇಕು. ಬುಡದ ಹತ್ತಿರದಿಂದ ನಾಲ್ಕು ಬೆರಳುದ್ದದ ಕಾಂಡ ಕೊಯ್ದು, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಅದರ ಕೆಳತುದಿ ಮಾತ್ರ ಮುಳುಗುವಂತೆ ದಾರದಲ್ಲಿ ಇಳಿಬಿಡಿ. ಲೋಟವನ್ನು ಅಲುಗಿಸದೆ ಬಿಸಿಲಿಗೆ ಹಿಡಿದು ಐದು ನಿಮಿಷ ನೋಡಿ. ಕೊಯ್ದ ತುದಿಯಿಂದ ಹಾಲಿನ ಎಳೆಯಂಥ ಬಿಳಿ ದಾರಗಳು ನೇರವಾಗಿ ಕೆಳಗಿಳಿಯತೊಡಗಿದರೆ ಇನ್ನು ಸಂಶಯ ಬೇಡ. ನೀರಿರಬೇಕಾದ ನಾಳಗಳಲ್ಲಿ ಕೋಟ್ಯಂತರ ದುಂಡಾಣುಗಳು ತುಂಬಿರುವುದನ್ನು ನೀವು ಕಣ್ಣಾರೆ ಕಾಣುತ್ತಿದ್ದೀರಿ. ನಾನು ಇದನ್ನು ಮೊದಲ ಸಲ ಮಾಡಿದ್ದು ವಾರಕ್ಕೆ ಮೂರು ಸಲ ಹನಿ ನೀರು ಬಿಟ್ಟೂ ಗಿಡ ಏಳುತ್ತಿಲ್ಲವೆಂದು ಸಂಕಟಪಡುತ್ತಿದ್ದ ಬಂಧುವೊಬ್ಬರ ತೋಟದಲ್ಲಿ. ಆ ಬಿಳಿ ಎಳೆಗಳು ಇಳಿಯುವುದನ್ನು ಕಂಡ ಕ್ಷಣವೇ ಅವರು ಹೋಗಿ ಗೇಟ್‌ವಾಲ್ವ್ ಮುಚ್ಚಿದರು. ಸಾಲಿನುದ್ದಕ್ಕೂ ಹರಿಯುವ ನೀರು ಈ ರೋಗವನ್ನು ಮುಂದಿನ ಗಿಡಕ್ಕೆ ಒಯ್ಯುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು.

ಕಾಂಡವೂ ಬೇರೂ ಶುದ್ಧವಾಗಿದ್ದರೆ ಉಳಿದದ್ದು ಎರಡು: ನಿಂತ ನೀರು ಮತ್ತು ಉಪ್ಪು. ಬಹಳ ದಿನದ ಒಣಹವೆಯ ನಂತರ ದೊಡ್ಡ ಮಳೆ ಬಿದ್ದು, ಮರುದಿನ ಬಿಸಿಲು ಚುರುಗುಟ್ಟಿದಾಗ ತೊಗರಿ, ಟೊಮೆಟೊಗಳು ನೀರಿನಲ್ಲಿ ನಿಂತೇ ಬಾಡುವುದುಂಟು. ಮಣ್ಣಿನ ರಂಧ್ರಗಳಿಂದ ಗಾಳಿ ಹೊರಟುಹೋಗಿ ಬೇರಿಗೆ ಉಸಿರು ಕಟ್ಟುತ್ತದೆ. ಆಗ ಬೇರಿನ ಕೋಶರಸ ಆಮ್ಲೀಯವಾಗಿ ಅಕ್ವಾಪೊರಿನ್ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರಿದ್ದರೂ ಒಳಗೆ ಬಾಗಿಲಿಲ್ಲ. ಬೇರು ಮೂಸಿ ನೋಡಿದರೆ ಹುಳಿಹುಳಿ ಕೊಳೆತ ವಾಸನೆ ಬರುತ್ತದೆ. ಇಲ್ಲಿ ಬೇಕಾದದ್ದು ಬಸಿಗಾಲುವೆ.

ಉಪ್ಪಿನ ತೊಂದರೆ ಬರಕ್ಕೆ ಅತ್ಯಂತ ಹತ್ತಿರದ ವೇಷ. ಉಪ್ಪು ಕರಗಿದ ನೀರಿನ ಜಲವಿಭವ ಕೆಳಗಿರುವುದರಿಂದ ಬೇರು ಅದನ್ನು ಎಳೆದುಕೊಳ್ಳಲು ಹೆಚ್ಚು ಬಲ ಹಾಕಬೇಕಾಗುತ್ತದೆ: ಉಪ್ಪಿನ ಪ್ರಮಾಣವನ್ನು ತೋರಿಸುವ ವಿದ್ಯುತ್ ವಾಹಕತೆಯ ಪ್ರತಿ ಒಂದು ಡೆಸಿಸೀಮೆನ್ಸ್‌ಗೆ (ಮೀಟರಿಗೆ) ಸುಮಾರು 0.036 ಮೆಗಾಪಾಸ್ಕಲ್ ಹೆಚ್ಚಿನ ಎಳೆತ. ಮಣ್ಣಿನ ಅರ್ಧ ನೀರು ಆರಿದರೆ ಉಪ್ಪು ಅಲ್ಲಿಯೇ ಉಳಿದು ಅದರ ಹಿಡಿತ ಎರಡು ಪಟ್ಟಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಜವಳು ಭೂಮಿಯಲ್ಲಿ ಇದನ್ನು ಧಾರಾಳವಾಗಿ ಕಾಣಬಹುದು. ಎಲೆಯ ತುದಿ ಅಂಚುಗಳು ಸುಟ್ಟಂತಾಗುವುದು, ಬೋದಿನ ನೆತ್ತಿಯಲ್ಲಿ ಅಥವಾ ಹನಿ ನೀರಾವರಿಯ ತೇವದ ವೃತ್ತದ ಅಂಚಿನಲ್ಲಿ ಬಿಳಿ ಹೊದಿಕೆ ಕೂರುವುದು ಇದರ ಗುರುತು. ಮಣ್ಣಿನ ವಾಹಕತೆ 4 ಡೆಸಿಸೀಮೆನ್ಸ್ ಮೀರಿದರೆ ಅದನ್ನು ಲವಣಯುಕ್ತ ಮಣ್ಣೆಂದು ಪರಿಗಣಿಸುತ್ತಾರೆ. ಕೊಳವೆಬಾವಿಯ ನೀರನ್ನೂ ಮಣ್ಣನ್ನೂ ಒಟ್ಟಿಗೆ ಪರೀಕ್ಷೆಗೆ ಕೊಡಬೇಕು. ತುಂತುರು ಮಳೆ ಬಿದ್ದ ದಿನ ಹನಿ ನೀರನ್ನು ನಿಲ್ಲಿಸಿದರೆ, ಅಂಚಿನಲ್ಲಿದ್ದ ಉಪ್ಪು ಕರಗಿ ಬೇರಿನ ಕಡೆಗೇ ಸರಿಯುತ್ತದೆ. ಅಂದು ನೀರು ಬಿಟ್ಟೇ ಇರುವುದು ಕ್ಷೇಮ. ಒಣ ಮಣ್ಣಿಗೆ ಗೊಬ್ಬರದ ಹರಳನ್ನು ಬುಡದಲ್ಲೇ ಹಾಕಿದಾಗ ಆಗುವ ಸುಡುವಿಕೆಯೂ ಇದೇ ಜಾತಿಯದು.

ಬರವೇ ಎಂದು ಖಚಿತವಾದಾಗ

ಈಗ ಗಿಡದೊಳಗೆ ಏನಾಗುತ್ತಿದೆ ಎಂಬುದನ್ನು ತಿಳಿದರೆ ಏನು ಮಾಡಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಮಣ್ಣು ಆರತೊಡಗಿದಾಗ ಬೇರು ಮತ್ತು ಎಲೆಗಳಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ. ಅದು ಪತ್ರರಂಧ್ರದ ಎರಡು ಬದಿಯ ಕಾವಲು ಕೋಶಗಳನ್ನು ಮುಟ್ಟಿದಾಗ ಅವುಗಳೊಳಗಿನ ಪೊಟ್ಯಾಸಿಯಂ ಹೊರಹೋಗಿ, ಅದರ ಹಿಂದೆ ನೀರೂ ಹೋಗಿ, ಕೋಶಗಳು ಸಡಿಲಾಗಿ ರಂಧ್ರ ಮುಚ್ಚುತ್ತದೆ. ನೀರು ಉಳಿಯಿತು, ಆದರೆ ಅದೇ ಬಾಗಿಲಿನಿಂದ ಬರಬೇಕಾದ ಇಂಗಾಲದ ಡೈಆಕ್ಸೈಡ್ ಕೂಡ ನಿಂತು ಬೆಳವಣಿಗೆ ಕುಂಠಿತವಾಯಿತು. ಆವಿಯಾಗುವ ನೀರಿನ ತಂಪು ತಪ್ಪಿದ್ದರಿಂದ ಎಲೆ ಬಿಸಿಯಾಗುತ್ತದೆ. ಮಧ್ಯಾಹ್ನ ಎಲೆಯನ್ನು ಕೆನ್ನೆಗೆ ಒತ್ತಿ ನೋಡಿ: ತಣ್ಣಗಿದ್ದರೆ ರಂಧ್ರ ತೆರೆದಿದೆ, ಬೆಚ್ಚಗಿದ್ದರೆ ಮುಚ್ಚಿದೆ. ಬಾಡುವ ಮೊದಲೇ ತಿಳಿಯಲು ಇದಕ್ಕಿಂತ ಸರಳ ದಾರಿಯನ್ನು ನಾನು ಕಂಡಿಲ್ಲ.

ಬರ ಮುಂದುವರಿದರೆ ಕೋಶಗಳು ಸಕ್ಕರೆ, ಪ್ರೊಲಿನ್‌ಗಳಂಥ ಕರಗುವ ವಸ್ತುಗಳನ್ನು ಕೂಡಿಟ್ಟುಕೊಂಡು ತಮ್ಮ ಜಲವಿಭವವನ್ನು ಇನ್ನಷ್ಟು ಇಳಿಸಿ, ಮಣ್ಣಿನಿಂದ ಕೊನೆಯ ತೇವವನ್ನೂ ಎಳೆಯಲು ಹವಣಿಸುತ್ತವೆ. ಜೋಳ ಇದರಲ್ಲಿ ಗಟ್ಟಿಗ. ಹಳೆಯ ಎಲೆ ಉದುರಿಸಿ ಖರ್ಚು ತಗ್ಗಿಸುವುದು ಇನ್ನೊಂದು ದಾರಿ. ಎಳೆತ ಮಿತಿ ಮೀರಿದಾಗ ಕ್ಸೈಲಮ್ ನಾಳದ ನೀರಿನ ಸರಪಳಿಯೇ ಕಡಿದು ಅಲ್ಲಿ ಗಾಳಿಗುಳ್ಳೆ ಕೂರುತ್ತದೆ. ಅಲ್ಲಿಗೆ ಆ ನಾಳ ಕೆಲಸಕ್ಕೆ ಬಾರದು. ಆದ್ದರಿಂದ ನೀರು ಕೊಡುವುದಾದರೆ ಆ ಹಂತಕ್ಕೆ ಮುಂಚೆಯೇ ಕೊಡಬೇಕು, ಮತ್ತು ಹೂವಿನಿಂದ ಕಾಯಿ ಕಟ್ಟುವವರೆಗಿನ ಹೊತ್ತಿಗೆ ಕೊಡಬೇಕು. ಮೆಕ್ಕೆಜೋಳದಲ್ಲಿ ಸೂಲಂಗಿಯ ಪರಾಗ ಉದುರುವ ಹೊತ್ತಿಗೆ ನೀರಿಲ್ಲದಿದ್ದರೆ ತೆನೆಯ ರೇಷ್ಮೆ ತಡವಾಗಿ ಹೊರಬಂದು ಕಾಳೇ ಕಟ್ಟುವುದಿಲ್ಲ. ಆಮೇಲೆ ಎಷ್ಟು ಮಳೆ ಬಂದರೂ ಆ ನಷ್ಟ ತುಂಬದು.

ಎಷ್ಟು ನೀರು ಎಂಬ ಲೆಕ್ಕವನ್ನು ಪ್ರತಿಯೊಬ್ಬರೂ ಕೂತು ಮಾಡಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರೆಂದರೆ 4,047 ಲೀಟರ್. 5,000 ಲೀಟರಿನ ಒಂದು ಟ್ಯಾಂಕರ್ ಎಕರೆಗೆ ಹರಡಿದರೆ ಒಂದೂಕಾಲು ಮಿಲಿಮೀಟರ್ ಕೂಡ ಆಗದು. ಬಿಸಿಲಿನ ಒಂದೇ ದಿನದಲ್ಲಿ ಹೊಲ ಅದಕ್ಕಿಂತ ಹಲವು ಪಟ್ಟು ನೀರನ್ನು ಗಾಳಿಗೆ ಕೊಡುತ್ತದೆ. ಟ್ಯಾಂಕರ್ ನೀರು ಮರಗಳ ಪಾತಿಗೆ, ಬುಡಕ್ಕೆ ಮಾತ್ರ ಸಲ್ಲುವಂಥದ್ದು. ಕೃಷಿಹೊಂಡದಲ್ಲಿ ಒಂದೂವರೆ ಲಕ್ಷ ಲೀಟರ್ ಇದ್ದರೆ ಅದು ಒಂದು ಎಕರೆಗೆ 37 ಮಿಲಿಮೀಟರ್. ಎಕರೆಗೆ ಒಮ್ಮೆ ಸರಿಯಾದ ಹೊತ್ತಿಗೆ ಕೊಟ್ಟರೆ ಬೆಳೆ ಉಳಿಸುವ ಪ್ರಮಾಣ, ನಾಲ್ಕು ಎಕರೆಗೆ ಹಂಚಿದರೆ ಯಾರಿಗೂ ಸಾಲದು. ನೀರು ಅದಕ್ಕಿಂತ ಕಡಿಮೆಯಿದ್ದರೆ ಸಾಲು ಬಿಟ್ಟು ಸಾಲು ಹಾಯಿಸಿ. ಒಣಗಿದ ಬದಿಯ ಬೇರುಗಳು ರಂಧ್ರ ಅರ್ಧ ಮುಚ್ಚುವ ಸೂಚನೆ ಕಳುಹಿಸುತ್ತಲೇ ಇರುತ್ತವೆ, ತೇವದ ಬದಿಯ ಬೇರುಗಳು ನೀರು ಒದಗಿಸುತ್ತವೆ.

ನೀರೇ ಇಲ್ಲದವರು ಖರ್ಚನ್ನು ತಡೆಯಬೇಕು. ಎರೆ ಹೊಲದ ಬಿರುಕು ಬೇರನ್ನು ಹರಿಯುತ್ತದೆ, ಆಳದ ತೇವವನ್ನೂ ಗಾಳಿಗೆ ಒಡ್ಡುತ್ತದೆ. ಬಿರುಕು ಬಿಡುವ ಮುನ್ನವೇ ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿಯಾಗಿ ಇಡುವ ಹಳೆಯ ಪದ್ಧತಿ ಇಂದಿಗೂ ಸರಿಯಾದದ್ದೇ. ಕಳೆ ತೆಗೆದರೆ ನೀರಿನ ಪಾಲುದಾರರು ಕಡಿಮೆಯಾಗುತ್ತಾರೆ. ಮಳೆ ಬರುವ ಸೂಚನೆಯೇ ಇಲ್ಲದಿದ್ದರೆ ಸಾಲುಗಳಲ್ಲಿ ಒಂದಷ್ಟನ್ನು ಮೇವಿಗೆ ಕೊಯ್ದು ಉಳಿದವನ್ನು ಉಳಿಸಿಕೊಳ್ಳುವುದು ಮನಸ್ಸಿಗೆ ಕಷ್ಟವಾದರೂ ಲೆಕ್ಕಕ್ಕೆ ಸರಿ.

ಎಲೆ ಹಸಿರಿದ್ದೂ ಕಾಯಿ ಕೆಟ್ಟರೆ

ಶೇಂಗಾದಲ್ಲಿ ಗಿಡ ಚೆನ್ನಾಗಿದ್ದು ಕಾಯಿ ಜೊಳ್ಳಾಗುವುದುಂಟು. ಕ್ಯಾಲ್ಸಿಯಂ ಗಿಡದಲ್ಲಿ ಮೇಲೇರುವ ನೀರಿನ ಜೊತೆಗಷ್ಟೇ ಸಾಗುತ್ತದೆ. ನೆಲದೊಳಗಿನ ಕಾಯಿ ನೀರನ್ನು ಆವಿಯಾಗಿಸದ ಕಾರಣ ಅದರ ಕಡೆಗೆ ಆ ಹರಿವು ಬರುವುದಿಲ್ಲ. ಕಾಯಿ ತನ್ನ ಸುತ್ತಲಿನ ಮಣ್ಣಿನಿಂದಲೇ ಕ್ಯಾಲ್ಸಿಯಂ ಹೀರಬೇಕು. ಆಳದಲ್ಲಿ ತೇವವಿದ್ದು ಮೇಲಿನ ಮೂರು ನಾಲ್ಕು ಬೆರಳ ಮಣ್ಣು ಒಣಗಿದ್ದರೆ ಬೇರು ಗಿಡವನ್ನು ಹಸಿರಾಗಿಡುತ್ತದೆ, ಕಾಯಿ ಮಾತ್ರ ಬರಿದಾಗುತ್ತದೆ. ಟೊಮೆಟೊ ಹಣ್ಣಿನ ಕೆಳತುದಿ ಕಪ್ಪಾಗಿ ಗುಳಿಬೀಳುವುದಕ್ಕೂ ಇದೇ ಕ್ಯಾಲ್ಸಿಯಂ ಕೊರತೆ ಕಾರಣ. ಒಮ್ಮೆ ಒಣಗಿಸಿ ಒಮ್ಮೆ ತುಂಬ ಹಾಯಿಸುವ ತೋಟಗಳಲ್ಲಿ ಅದು ಹೆಚ್ಚು.

ನೀರು ಕೊಟ್ಟ ಮರುದಿನ

ನೀರು ಕೊಟ್ಟ ಮೇಲೆ ಮತ್ತೆ ಬೆಳಗಿನ ಜಾವ ಹೋಗಿ ಅದೇ ಗಿಡಗಳನ್ನು ನೋಡಬೇಕು. ಹಿಂದಿನ ದಿನವೇ ಐದಾರು ಗಿಡಗಳಿಗೆ ಬಣ್ಣದ ದಾರ ಕಟ್ಟಿಟ್ಟಿದ್ದರೆ ಗುರುತು ತಪ್ಪುವುದಿಲ್ಲ. ಎಲೆ ಬಿಗಿಯಾಗಿದ್ದರೆ ದೋಷ ಪತ್ತೆ ಹಚ್ಚಿದ್ದು ಸರಿಯಾಗಿತ್ತು. ಒಣಗಿದ ಅಂಚು ಮತ್ತೆ ಹಸಿರಾಗದು, ಅದನ್ನು ನಿರೀಕ್ಷಿಸಬಾರದು. ಕುಡಿಯ ಹೊಸ ಎಲೆಯನ್ನೇ ನೋಡಬೇಕು. ಎರಡನೆಯ ಬೆಳಗ್ಗೆಯೂ ಎಲೆ ಏಳದಿದ್ದರೆ ಇನ್ನೊಂದು ಸಲ ನೀರು ಹಾಯಿಸಬೇಡಿ. ದಾರ ಕಟ್ಟಿದ ಗಿಡಗಳಲ್ಲಿ ಒಂದನ್ನು ಕಿತ್ತು, ಕುಡುಗೋಲಿನಿಂದ ಬುಡದ ಕಾಂಡವನ್ನು ಸೀಳಿ, ಒಳಗಿನ ಬಣ್ಣವನ್ನು ಮತ್ತೊಮ್ಮೆ ನೋಡಿ.